ಕುತ್ತಿಗೆ ಸಹಿತ ಹಾಜರು

ನಮ್ಮ ಕಚೇರಿಯಲ್ಲಿ ಕುರ್ಚಿಯ ಬೆನ್ನಿಗೆ ಟೈ ತೂಗುತ್ತಿದ್ದರೆ ಅಧಿಕಾರಿಗಳು ಹಾಜರಿದ್ದಾರೆ ಎಂದು ತಿಳಿಯತಕ್ಕದ್ದು. ಇದು ನಿಯಮ. ಇದರಲ್ಲಿ ನಗುವಂಥದ್ದೇನೂ ಇಲ್ಲ. ಕಚೇರಿಯ ವಾರ್ಷಿಕ ವರದಿ ಬರೆಯುವ ಕೆಲಸ ನನ್ನದಾಗಿರುವುದರಿಂದ ನಗದೆ ಇರುವುದು ನನಗೆ ರೂಢಿಯೂ ಆಗಿದೆ.

ನಿಯಮ ಹುಟ್ಟಿದ್ದು ಹೀಗೆ. ಹಿಂದೊಮ್ಮೆ ಒಬ್ಬ ಅಧಿಕಾರಿ ಸೆಕೆ ತಾಳಲಾರದೆ ಟೈ ಬಿಚ್ಚಿ, ಕುರ್ಚಿಗೆ ತೂಗುಹಾಕಿ, ಮುಖ ತೊಳೆಯಲು ಹೋದರು. ಅದೇ ಹೊತ್ತಿಗೆ ಕೇಂದ್ರ ಕಚೇರಿಯಿಂದ ತಪಾಸಣೆಗೆ ಬಂದವರು ಈ ಕುರ್ಚಿ ಯಾಕೆ ಖಾಲಿ ಎಂದು ಕೇಳಿದರು. ಆಗಿನ ಮ್ಯಾನೇಜರು ಸಮಯಪ್ರಜ್ಞೆಯುಳ್ಳ ಮನುಷ್ಯ. "ಖಾಲಿ ಎಲ್ಲಿದೆ ಸಾರ್? ಟೈ ಇದೆಯಲ್ಲ," ಎಂದರು. ತಪಾಸಣೆಯವರು ಹತ್ತಿರ ಬಂದು ಟೈಯನ್ನು ನೋಡಿ, ಅದಕ್ಕೆ ಚೆನ್ನಾಗಿ ಇಸ್ತ್ರಿ ಹಾಕಿರುವುದನ್ನು ಗಮನಿಸಿ, ತೃಪ್ತರಾಗಿ ಹೊರಟುಹೋದರು. ಮುಖ ತೊಳೆಯಲು ಹೋಗಿದ್ದ ಅಧಿಕಾರಿಗೆ ಸುದ್ದಿ ತಲುಪಿತು. ಅವರು ವಾಪಸು ಬರುವ ಅಗತ್ಯವನ್ನೇ ಕಾಣಲಿಲ್ಲ.

ನಮ್ಮದು ಕಿಟಕಿ ಪರವಾನಗಿ ಕಚೇರಿ. ಈ ಊರಿನಲ್ಲಿ ಯಾರಾದರೂ ತಮ್ಮ ಗೋಡೆಯಲ್ಲಿ ಹೊಸ ಕಿಟಕಿ ತೆರೆಯಬೇಕೆಂದರೆ ನಮ್ಮ ಒಪ್ಪಿಗೆ ಬೇಕು. ಗಾಳಿ, ಬೆಳಕು ಸಾರ್ವಜನಿಕ ಸ್ವತ್ತು. ಯಾರು ಅದನ್ನು ಎಷ್ಟು ಒಳಗೆ ಬಿಟ್ಟುಕೊಳ್ಳುತ್ತಿದ್ದಾರೆ ಎಂಬುದರ ಮೇಲೆ ಯಾರಾದರೂ ಕಣ್ಣಿಡಲೇಬೇಕು. ಆ ಕಣ್ಣಿಡುವ ಅಧಿಕಾರಿಗಳು ನಮ್ಮಲ್ಲಿ ಮೂವರು: ನೀಲಿ ಟೈ, ಗೆರೆ ಟೈ, ಕಂದು ಟೈ. ಅವರ ಮುಖ ನಾನು ನೋಡಿದ್ದು ಕಡಿಮೆ, ಟೈಗಳ ಪರಿಚಯ ಮಾತ್ರ ಚೆನ್ನಾಗಿದೆ. ನೀಲಿ ಸ್ವಲ್ಪ ಗಂಭೀರ. ಕಂದು ಟೈಯ ತುದಿಯಲ್ಲಿ ಟೀ ಕಲೆ ಇರುವುದರಿಂದ ಜನ ಅವರನ್ನು ಸರಳ ಮನುಷ್ಯ ಎಂದು ಹೊಗಳುತ್ತಾರೆ. ದೊಡ್ಡ ಸಾಹೇಬರು ಮಾತ್ರ ದಿನಾ ಖುದ್ದಾಗಿ ಬರುತ್ತಾರೆ, ಏಕೆಂದರೆ ತಂಪು ಹವೆಯ ಯಂತ್ರ ಇರುವುದು ಅವರ ಕೋಣೆಯಲ್ಲಿ.

ಕೆಲಸದ ಕ್ರಮ ಸುಲಭ. ಅರ್ಜಿಯನ್ನು ಟೈಯ ಮುಂದೆ ಇಡಬೇಕು. ಟೈ ಬೇಡ ಎನ್ನುವುದಿಲ್ಲ. ಸರಿ ಎಂದೂ ಅನ್ನುವುದಿಲ್ಲ. ಆದ್ದರಿಂದ ಅರ್ಜಿ ಪರಿಶೀಲನೆಯಲ್ಲಿದೆ ಎಂದು ಬರೆದು ರಾಶಿಗೆ ಸೇರಿಸಲಾಗುತ್ತದೆ. ರಾಶಿ ಎತ್ತರವಾದಷ್ಟೂ ಇಂಥ ಕಚೇರಿಯ ಅಗತ್ಯ ಹೆಚ್ಚು ಎಂಬುದು ಕೇಂದ್ರ ಕಚೇರಿಯ ಲೆಕ್ಕಾಚಾರ. ಕಳೆದ ಕೆಲವು ವರ್ಷಗಳಲ್ಲಿ ನಮ್ಮ ಅಗತ್ಯ ಚಾವಣಿ ಮುಟ್ಟಿತ್ತು.

ಈ ರಾಶಿಯ ತಳದಲ್ಲೆಲ್ಲೋ ಮೂಲೆಯಂಗಡಿಯ ಬೇಕರಿಯವನ ಅರ್ಜಿ ಇತ್ತು. ಅವನ ಒಲೆ ಕೋಣೆಗೆ ಕಿಟಕಿ ಇರಲಿಲ್ಲ. ಹಿಟ್ಟು ನಾದುವ ಹೆಂಡತಿ ಎರಡು ಸಲ ಒಲೆಯ ಎದುರೇ ತಲೆ ತಿರುಗಿ ಬಿದ್ದಿದ್ದಳು. ಅವನು ಬಂದಾಗಲೆಲ್ಲ ಟೋಪಿ ತೆಗೆದು ನೀಲಿ ಟೈಗೆ ತಲೆಬಾಗಿ, ಸಾಹೇಬರು ಇವತ್ತು ಗೆಲುವಾಗಿದ್ದಾರೆ, ಕೆಲಸ ಆಗಬಹುದು ಎಂದು ನನ್ನ ಕಿವಿಯಲ್ಲಿ ಹೇಳಿ ಹೋಗುತ್ತಿದ್ದ.

ಎಲ್ಲವೂ ಹೀಗೆ ಸುಸೂತ್ರವಾಗಿ ನಡೆದಿರುವಾಗ ಟಪಾಲಕ್ಕ ಟೈ ಕಟ್ಟಿಕೊಂಡು ಬಂದರು.

ಟಪಾಲಕ್ಕ ಅಂದರೆ ಟಪಾಲು ವಿಭಾಗದ ಗುಮಾಸ್ತೆ. ಬಂದ ಅರ್ಜಿಗೆ ಮೊದಲ ಮುದ್ರೆ ಒತ್ತುವವರು ಅವರು, ಅದನ್ನು ಹೊತ್ತುಕೊಂಡು ಹೋಗಿ ಟೈಗಳ ಮುಂದೆ ಇಡುವವರೂ ಅವರೇ. ಬಸ್ ನಿಲ್ದಾಣದ ಹತ್ತಿರ ಹಳೆಯ ಬಟ್ಟೆ ಮಾರುವವನ ಗಾಡಿಯಲ್ಲಿ ಅವರಿಗೆ ಒಂದು ಟೈ ಕಣ್ಣಿಗೆ ಬಿದ್ದಿತ್ತು. ಗಿಳಿಹಸಿರು ಬಣ್ಣ, ಮೇಲೆಲ್ಲ ಹಳದಿ ಬಾತುಕೋಳಿಗಳು. ಕೊಂಡು ತಂದು, ಊಟದ ಮೇಜಿನ ಕಾಲಿಗೆ ಕಟ್ಟಿ ಕಟ್ಟಿ ಗಂಟು ಹಾಕುವುದನ್ನು ಕಲಿತರು. ಬೆಳಿಗ್ಗೆ ಬಿಳಿ ಅಂಗಿಯ ಕಾಲರಿನ ಕೆಳಗೆ ಅದನ್ನು ಕಟ್ಟಿಕೊಂಡು ಕನ್ನಡಿ ನೋಡಿದಾಗ ಅವರಿಗೆ ತಡೆಯಲಾರದಷ್ಟು ನಗು ಬಂತಂತೆ. ಅತ್ತೆ ಅಡುಗೆಮನೆಯಿಂದ ಇಣುಕಿ, ಅದು ಗಂಡಸರದ್ದಲ್ಲವೇನೇ ಎಂದು ಕೇಳಿದರು. ಗಂಡಸರ ಕುತ್ತಿಗೆಯಲ್ಲಿ ಇದ್ದೂ ಇದ್ದೂ ಬಾತುಕೋಳಿಗಳಿಗೂ ಬೇಜಾರು ಬಂದಿರುತ್ತೆ ಅತ್ತೆ ಎಂದು ಸೊಸೆ ಹೇಳಿದರು. ಅತ್ತೆ ಕೈ ಒರೆಸಿಕೊಂಡು ಬಂದು, "ಗಂಟು ಓರೆಯಾಗಿದೆ, ಹೀಗೆ ಹೋಗ್ಬೇಡ," ಎಂದು ನೇರ ಮಾಡಿ ಕಳಿಸಿದರು. ಅಂದಿನಿಂದ ದಿನಾ ಬೆಳಿಗ್ಗೆ ಗಂಟು ಹಾಕುವುದು ಅತ್ತೆಯ ಕೆಲಸವಾಯಿತು. ಇದನ್ನೆಲ್ಲ ಟಪಾಲಕ್ಕನೇ ನನಗೆ ಹೇಳಿದ್ದು. ಹೇಳುವಾಗ ಅವರ ಮುಖದಲ್ಲಿದ್ದ ಖುಷಿಯನ್ನು ನಾನು ಕಚೇರಿಯ ಒಳಗೆ ಅದಕ್ಕೆ ಮುಂಚೆ ಎಲ್ಲಿಯೂ ನೋಡಿರಲಿಲ್ಲ.

ಬೆಳಿಗ್ಗೆ ಹಾಜರಿ ಬರೆಯುವವರು ಕೋಣೆ ಕೋಣೆಗೂ ಹೋಗಿ ಟೈ ಎಣಿಸುತ್ತಾರೆ. ಆ ಮೊದಲ ದಿನ ಅವರು ಟಪಾಲು ಮೇಜಿನ ಎದುರು ಬಂದು ನಿಂತುಬಿಟ್ಟರು. ಟೈ ಇತ್ತು, ಸರಿ. ಆದರೆ ಅದರೊಳಗೆ ಕುತ್ತಿಗೆ ಇತ್ತು, ಕುತ್ತಿಗೆಯ ಮೇಲೆ ತಲೆಯೂ ಇತ್ತು. ಆ ತಲೆ ಅವರಿಗೆ ನಮಸ್ಕಾರವನ್ನೂ ಹೇಳಿತು. ಸೇವೆಯಲ್ಲಿ ಕೂದಲು ಹಣ್ಣಾಗಿದ್ದರೂ ಇಂಥದ್ದನ್ನು ಕಂಡವರಲ್ಲ ಅವರು. ದಯವಿಟ್ಟು ಬಿಚ್ಚಿ ಕುರ್ಚಿಗೆ ಹಾಕಮ್ಮ ಎಂದು ಕೇಳಿಕೊಂಡರು. ಇದು ಕುರ್ಚಿಗಲ್ಲ, ನನಗೆ ಎಂದರು ಟಪಾಲಕ್ಕ. ಬೇರೆ ದಾರಿ ಕಾಣದೆ ಅವರು ಹೀಗೆ ಬರೆದುಕೊಂಡರು: ಅಧಿಕಾರಿ ಹಾಜರು, ಕುತ್ತಿಗೆ ಸಹಿತ.

ಅಲ್ಲಿಂದ ಶುರುವಾಯಿತು. ಸರದಿಯಲ್ಲಿ ನಿಂತಿದ್ದ ಜನ ಮಾತಾಡುವ ಟೈಯೊಂದು ಬಂದಿದೆ ಎಂದು ಟಪಾಲು ಮೇಜಿನತ್ತ ಹೊರಳಿದರು. ಎಲ್ಲರಿಗಿಂತ ಮುಂದೆ ಬೇಕರಿಯವನಿದ್ದ. ಟಪಾಲಕ್ಕ ತಾನು ಅಧಿಕಾರಿ ಅಲ್ಲ, ಇದು ಸುಮ್ಮನೆ ಖುಷಿಗೆ ಹಾಕಿಕೊಂಡದ್ದು ಎಂದು ಗಂಟಲು ಹರಿಯುವಂತೆ ಹೇಳಿದರು. ಟೈ ಇದೆಯಲ್ಲ ಎಂದ ಅವನು. ಅವರು ನಿಯಮದ ಪುಸ್ತಕ ತೆಗೆದು ನೋಡಿದರು, ನನಗೂ ತೋರಿಸಿದರು. ಟೈ ಇದ್ದಲ್ಲಿ ಅಧಿಕಾರಿ ಇದ್ದಂತೆಯೇ, ಸಂದೇಹವಿರಲಿಲ್ಲ. ಹಾಗಿದ್ದರೆ ಸರಿ ಎಂದು ಅವರು ರಾಶಿಯ ತಳದಿಂದ ಅವನ ಅರ್ಜಿ ಎಳೆದರು, ಓದಿದರು, ಹೆಂಡತಿ ಹೇಗಿದ್ದಾಳೆ ಎಂದು ವಿಚಾರಿಸಿದರು, ಒಪ್ಪಿಗೆಯ ಮುದ್ರೆ ಒತ್ತಿದರು. ಬೇಕರಿಯವನು ಕಾಗದವನ್ನು ತಿರುವಿ ಮುರುವಿ ನೋಡಿ, ಹಿಂಬದಿಯಲ್ಲಿ ಎಲ್ಲಾದರೂ ಪರಿಶೀಲನೆಯಲ್ಲಿದೆ ಎಂದು ಬರೆದಿದೆಯೋ ಎಂದು ಹುಡುಕಿ, ಇಲ್ಲದ್ದನ್ನು ಕಂಡು ಅಲ್ಲೇ ಕುಳಿತು ಅತ್ತುಬಿಟ್ಟ.

ವಾರ ಕಳೆಯುವುದರೊಳಗೆ ಊರಿನಲ್ಲಿ ಎಲ್ಲಿ ನೋಡಿದರೂ ಗೋಡೆ ಒಡೆಯುವ ಸದ್ದು. ಕತ್ತಲ ಕೋಣೆಗಳಲ್ಲಿ ಇದ್ದವರು ಎದುರು ಮನೆಯವರ ಮುಖವನ್ನು ಮೊದಲ ಸಲ ನೋಡಿ ಮಾತಾಡಿಸತೊಡಗಿದರು. ಇದರಿಂದ ಕೆಲವು ಜಗಳಗಳೂ ಆದವು ಎಂಬುದನ್ನು ವರದಿಯ ನಿಷ್ಪಕ್ಷಪಾತದ ದೃಷ್ಟಿಯಿಂದ ಸೇರಿಸುತ್ತೇನೆ.

ಕಚೇರಿಯ ಉಳಿದ ಹೆಂಗಸರು ಸುಮ್ಮನಿರಲಿಲ್ಲ. ಬೆರಳಚ್ಚಿನ ಹುಡುಗಿ ತಮ್ಮನ ಶಾಲೆಯ ಟೈಯನ್ನು ಸಡಿಲವಾಗಿ, ಈಗಷ್ಟೇ ಎದ್ದು ಬಂದವಳಂತೆ ಕಟ್ಟಿಕೊಂಡು ಬಂದಳು. ನೆಲ ಒರೆಸುವ ಬಕೆಟ್ಟಮ್ಮ ಕೆಂಪು ಟೈಯೊಂದನ್ನು ಕಟ್ಟಿ, ನೀರಿಗೆ ಬೀಳದಿರಲೆಂದು ಬೆನ್ನ ಮೇಲೆ ಇಳಿಬಿಟ್ಟರು. ಅವರು ಓಡಾಡುವಾಗ ಅದು ಹಿಂದೆ ಬಾಲದಂತೆ ಅಲ್ಲಾಡುವುದನ್ನು ನೋಡಿ ಮೂವರೂ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದರು. ಅವರಲ್ಲಿ ಯಾರೂ ಯಾರ ಹುದ್ದೆಯನ್ನೂ ಕೇಳಿರಲಿಲ್ಲ. ಆದರೆ ಹಾಜರಿ ಬರೆಯುವವರ ಎಣಿಕೆಯಲ್ಲಿ ಅಧಿಕಾರಿಗಳು ಕುರ್ಚಿಗಳಿಗಿಂತ ಹೆಚ್ಚಾದರು, ನೆಲ ಒರೆಸಲು ಯಾರೂ ಇಲ್ಲವಾದರು. ನೆಲ ಮಾತ್ರ ಎಂದಿನಂತೆ ಒರೆಸಿಕೊಂಡೇ ಇತ್ತು.

ದೊಡ್ಡ ಸಾಹೇಬರ ಎದೆ ಒಡೆದದ್ದು ಇದಕ್ಕಲ್ಲ. ಒಂದು ಮಧ್ಯಾಹ್ನ ಅವರು ಕೋಣೆಯಿಂದ ಹೊರಬಂದು ನೋಡಿದಾಗ ಅರ್ಜಿಗಳ ರಾಶಿ ಮೊಣಕಾಲಿನ ಎತ್ತರಕ್ಕೆ ಇಳಿದಿತ್ತು. ರಾಶಿಯ ಹಿಂದೆ ಒಂದು ಗೋಡೆ ಇರುವುದು, ಆ ಗೋಡೆಯಲ್ಲಿ ಒಂದು ಕಿಟಕಿ ಇರುವುದು ಅವತ್ತೇ ಎಲ್ಲರಿಗೂ ಗೊತ್ತಾದದ್ದು. ಇದೇ ವೇಗದಲ್ಲಿ ಹೋದರೆ ತಿಂಗಳೊಪ್ಪತ್ತಿನಲ್ಲಿ ಕಚೇರಿ ಯಾಕೆ ಬೇಕು ಎಂದು ಮೇಲಿನವರು ಕೇಳುತ್ತಾರೆ ಎಂದು ಅವರು ತಲೆಯ ಮೇಲೆ ಕೈ ಹೊತ್ತು ಕುಳಿತರು. ಈಗಿನ ಮ್ಯಾನೇಜರು ಕೂಡಲೇ ಸುತ್ತೋಲೆ ಹೊರಡಿಸಿದರು. ಅದರ ಒಕ್ಕಣೆ ಹೀಗಿತ್ತು:

"ಮಹಿಳಾ ಸಿಬ್ಬಂದಿಯ ಕುತ್ತಿಗೆಗಳ ಸುತ್ತ ಇತ್ತೀಚೆಗೆ ಟೈ ಎಂಬ ವಸ್ತು ಕಂಡುಬರುತ್ತಿರುವುದು ಗಮನಕ್ಕೆ ಬಂದಿರುತ್ತದೆ. ಸದರಿ ವಸ್ತುವು ಕುರ್ಚಿಗೆ ಸಂಬಂಧಪಟ್ಟದ್ದಾಗಿದ್ದು, ಅದನ್ನು ಕುತ್ತಿಗೆಗೆ ಧರಿಸುವುದು ದುರುಪಯೋಗವಾಗುತ್ತದೆ. ಧರಿಸಿ ನಗುವುದು ಪ್ರತ್ಯೇಕ ಅಪರಾಧವಾಗುತ್ತದೆ."

ಬಿಚ್ಚಿಸಿಬಿಡಿ, ಮುಗಿಯಿತಲ್ಲ ಎಂದರು ದೊಡ್ಡ ಸಾಹೇಬರು. ಅಷ್ಟು ಸುಲಭವಿರಲಿಲ್ಲ. ಟೈ ಈಗಾಗಲೇ ಅಧಿಕಾರಿ ಎಂದು ಹಾಜರಿಯಲ್ಲಿ ದಾಖಲಾಗಿತ್ತು. ಅಧಿಕಾರಿಯನ್ನು ಕುತ್ತಿಗೆಯಿಂದ ಇಳಿಸುವುದೆಂದರೆ ವಜಾ ಮಾಡಿದಂತೆ. ವಜಾ ಮಾಡಬೇಕಾದರೆ ವಿಚಾರಣೆ ನಡೆಯಬೇಕು. ವಿಚಾರಣಾ ಸಮಿತಿ ರಚನೆಯಾಯಿತು. ಸದಸ್ಯರು ನೀಲಿ ಟೈ, ಗೆರೆ ಟೈ, ಕಂದು ಟೈ.

ಸಮಿತಿ ಸಭಾಂಗಣದಲ್ಲಿ ಸೇರಿತು. ಮೂರು ಕುರ್ಚಿ, ಮೂರು ಟೈ, ಪಕ್ಕದಲ್ಲಿ ನಿಂತು ಅವರ ಪರವಾಗಿ ಪ್ರಶ್ನೆ ಕೇಳುವ ಮ್ಯಾನೇಜರು. ಎದುರಿಗೆ ಟಪಾಲಕ್ಕ, ಬಾತುಕೋಳಿಗಳೊಂದಿಗೆ. ಬರೆದುಕೊಳ್ಳಲು ನಾನು. ಆರಂಭದಲ್ಲೇ ಒಂದು ತೊಡಕು ಎದುರಾಯಿತು. ನಿಯಮದ ಪ್ರಕಾರ ಕೋಣೆಯಲ್ಲಿರುವ ಟೈಗಳೆಲ್ಲ ಸದಸ್ಯರಾಗುವುದರಿಂದ ಆಪಾದಿತೆಯೂ ಸಮಿತಿಯಲ್ಲಿದ್ದರು. ಮ್ಯಾನೇಜರು ಅದನ್ನು ಗಮನಿಸದಿರಲು ನಿರ್ಧರಿಸಿದರು. ಅಷ್ಟರಲ್ಲಿ ಫ್ಯಾನಿನ ಗಾಳಿಗೆ ಗೆರೆ ಟೈ ಜಾರಿ ನೆಲಕ್ಕೆ ಬಿತ್ತು. ಸದಸ್ಯರೊಬ್ಬರು ಅಸಮಾಧಾನಗೊಂಡು ಎದ್ದುಹೋಗಿದ್ದಾರೆ ಎಂದು ಬರೆದುಕೊಳ್ಳಲು ಮ್ಯಾನೇಜರು ನನಗೆ ಹೇಳಿದರು, ಬರೆದುಕೊಂಡೆ. ಟಪಾಲಕ್ಕನೇ ಎದ್ದು ಅದನ್ನು ಎತ್ತಿ, ಧೂಳು ಕೊಡವಿ, ಮತ್ತೆ ಕುರ್ಚಿಗೆ ಹಾಕಿದರು. ಸದಸ್ಯರ ಮನವೊಲಿಸಿ ಕರೆತರಲಾಯಿತು ಎಂದೂ ಬರೆದುಕೊಂಡೆ.

"ಟೈ ಯಾಕೆ ಹಾಕ್ಕೊಂಡ್ರಿ?" ಎಂದು ಮ್ಯಾನೇಜರು ಕೇಳಿದರು.

"ಚೆಂದ ಕಾಣ್ತು ಸಾರ್."

"ಅದಿರಲಿ. ಕಾರಣ ಹೇಳಿ. ಯಾವ ಹುದ್ದೆ ಬೇಕಾಗಿತ್ತು?"

"ಹುದ್ದೆ ಬೇಡ ಸಾರ್. ಟೈ ಸಾಕು."

"ಹುದ್ದೆ ಬೇಡದವರಿಗೆ ಟೈ ಯಾಕಮ್ಮ?"

ನಿಜವಾದ ಉತ್ತರ ಕೊಡಬೇಕೆಂದು ಟಪಾಲಕ್ಕ ಹೆಣಗುತ್ತಿದ್ದದ್ದು ನನಗೆ ಕಾಣುತ್ತಿತ್ತು.

"ಬೆಳಗ್ಗೆ ಇದನ್ನ ಕಟ್ಕೊಳ್ಳೋವಾಗ ನಗು ಬರತ್ತೆ ಸಾರ್," ಎಂದರು. "ಗಂಡಸರು ಇದನ್ನ ಮುಖ ಸಿಂಡರಿಸ್ಕೊಂಡು ಕಟ್ಕೋತಾರೆ. ನಾನು ಕಟ್ಕೊಂಡ್ರೆ ಅದೇ ಟೈ ಆಟದ ಸಾಮಾನಾಗ್ಬಿಡತ್ತೆ. ನಾನೂ ಆವತ್ತಿಗೆ ಬೇರೆ ಯಾರೋ ಆಗಿರ್ತೀನಿ, ಆದ್ರೆ ನಾನೇ ಆಗಿರ್ತೀನಿ. ಅಷ್ಟೇ ಸಾರ್. ನೀವು ಬೇಕಿದ್ರೆ ಒಪ್ಪಿಗೆ ಮುದ್ರೆ ಒತ್ತೋ ಕೆಲಸ ವಾಪಸ್ ತಗೊಳ್ಳಿ. ಟೈ ಮಾತ್ರ ಬಿಟ್ಬಿಡಿ."

ಮ್ಯಾನೇಜರು ಮೂವರು ಸದಸ್ಯರ ಮುಖ ನೋಡಿದರು, ಅಂದರೆ ಟೈಗಳತ್ತ ನೋಡಿದರು. ನಂತರ ನನ್ನತ್ತ ತಿರುಗಿ, ಆಪಾದಿತೆ ಉತ್ತರಿಸಲು ನಿರಾಕರಿಸಿದರು ಎಂದು ಬರೆದುಕೊಳ್ಳಿ ಎಂದರು. ನನಗೆ ಸಿಟ್ಟು ಬಂತು. ಆ ಕೋಣೆಯಲ್ಲಿ ಯಾರಾದರೂ ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟದ್ದು ಅದೇ ಮೊದಲ ಸಲವಾಗಿತ್ತು.

ಸಮಿತಿಯ ವರದಿ ಬಹಳ ಬೇಗ ಬಂತು, ಮ್ಯಾನೇಜರೇ ಬರೆದದ್ದರಿಂದ. ಓದಿದ ಎಲ್ಲರೂ ಅದರ ನ್ಯಾಯಬುದ್ಧಿಯನ್ನು ಮೆಚ್ಚಿದರು. ಬಾತುಕೋಳಿ ಟೈಯ ಮೇಲೆ ಯಾವ ತಪ್ಪೂ ಸಾಬೀತಾಗಿಲ್ಲ ಎಂದು ಅದು ಸ್ಪಷ್ಟವಾಗಿ ಹೇಳಿತ್ತು. ಅಷ್ಟೇ ಅಲ್ಲ, ಸದರಿ ಟೈ ಅಲ್ಪಾವಧಿಯಲ್ಲಿ ಅಸಾಧಾರಣ ಪರಿಶ್ರಮದಿಂದ ಅರ್ಜಿಗಳನ್ನು ವಿಲೇವಾರಿ ಮಾಡಿದ್ದು, ಇಂಥ ದಕ್ಷ ಟೈಯನ್ನು ಇಲಾಖೆ ಹಿಂದೆಂದೂ ಕಂಡಿರುವುದಿಲ್ಲ. ದೋಷವಿದ್ದದ್ದು ಕುತ್ತಿಗೆಯಲ್ಲಿ. ಕುತ್ತಿಗೆ ಇದ್ದದ್ದರಿಂದಲೇ ಟೈಗೆ ಆತುರ, ನಗು, ಅರ್ಜಿದಾರರ ಹೆಂಡತಿಯ ಆರೋಗ್ಯ ವಿಚಾರಿಸುವಂಥ ದುರಭ್ಯಾಸಗಳು ಅಂಟಿಕೊಂಡಿದ್ದವು. ಆದ್ದರಿಂದ ಟೈಗೆ ಹಿರಿಯ ಅಧಿಕಾರಿಯಾಗಿ ಬಡ್ತಿ ನೀಡತಕ್ಕದ್ದು, ಅದನ್ನು ಕುತ್ತಿಗೆಯಿಂದ ಬೇರ್ಪಡಿಸತಕ್ಕದ್ದು.

ಬಡ್ತಿಯ ಸಮಾರಂಭಕ್ಕೆ ಇಡೀ ಕಚೇರಿ ಸೇರಿತ್ತು. ಹೊಸ ಕುರ್ಚಿ ಬಂದಿತ್ತು, ಇನ್ನೂ ಪ್ಲಾಸ್ಟಿಕ್ ಹೊದಿಕೆ ತೆಗೆದಿರಲಿಲ್ಲ. ಅಧಿಕಾರಿಗಳ ಘನತೆಗೆ ಧಕ್ಕೆ ಬಾರದಂತೆ ಗಂಟು ಬಿಚ್ಚದೆ ತಲೆಯ ಮೇಲಿಂದ ತೆಗೆಯಬೇಕೆಂದು ಸೂಚನೆಯಿತ್ತು. ಟಪಾಲಕ್ಕ ಗಂಟನ್ನು ಸಡಿಲಿಸಿ, ಅತ್ತೆ ಅವತ್ತು ಬೆಳಿಗ್ಗೆ ಹಾಕಿದ್ದ ಆ ಗಂಟು ಕೆಡದಂತೆ ಎರಡೂ ಕೈಯಲ್ಲಿ ಹಿಡಿದು, ಕೂದಲಿನ ಮೇಲಿಂದ ಎತ್ತಿ ತೆಗೆದು ಕುರ್ಚಿಯ ಬೆನ್ನಿಗೆ ಹಾಕಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ದೊಡ್ಡ ಸಾಹೇಬರು ಟೈಯ ತುದಿಯನ್ನು ಹಿಡಿದು ಕುಲುಕಿ ಅಭಿನಂದಿಸಿದರು.

ಟಪಾಲಕ್ಕನನ್ನು ಮರೆತಿರಲಿಲ್ಲ. ಅವರನ್ನು ಟೈ ಸಹಾಯಕಿ ಎಂದು ನೇಮಿಸಲಾಯಿತು. ಇಸ್ತ್ರಿ ಹಾಕುವುದು, ಧೂಳು ಕೊಡವುವುದು, ಫ್ಯಾನಿನ ಗಾಳಿಗೆ ಬೀಳದಂತೆ ನೋಡಿಕೊಳ್ಳುವುದು ಅವರ ಕರ್ತವ್ಯ. ಸಂಜೆ ಮನೆಗೆ ಒಯ್ಯಬಹುದೇ ಎಂದು ಅವರು ಕೇಳಿದರು. ಮೇಲಧಿಕಾರಿಯನ್ನು ಕೆಳಗಿನ ಸಿಬ್ಬಂದಿ ಮನೆಗೆ ಒಯ್ಯುವುದು ಸರಿ ಕಾಣುವುದಿಲ್ಲ ಎಂದರು ಮ್ಯಾನೇಜರು. ಹಾಗಾದರೆ ಇನ್ನೊಂದು ಕೊಂಡು ಹಾಕಿಕೊಳ್ಳುತ್ತೇನೆ ಎಂದರು ಟಪಾಲಕ್ಕ. ಹೊಸ ಅಧಿಕಾರಿಗಳ ನೇಮಕಾತಿ ಸದ್ಯಕ್ಕೆ ನಿಂತಿದೆ ಎಂಬ ಉತ್ತರ ಬಂತು. ಬೆರಳಚ್ಚಿನ ಹುಡುಗಿಯ ಟೈಯನ್ನೂ ಬಕೆಟ್ಟಮ್ಮನ ಕೆಂಪು ಟೈಯನ್ನೂ ತರಬೇತಿ ಅಧಿಕಾರಿಗಳೆಂದು ಅದಾಗಲೇ ಕಪಾಟಿನಲ್ಲಿ ಇಟ್ಟು ಬೀಗ ಹಾಕಲಾಗಿತ್ತು. ಹುಡುಗಿಯ ತಮ್ಮ ಟೈ ಇಲ್ಲದೆ ಶಾಲೆಗೆ ಹೋಗಿ ದಿನಾ ಹೊರಗೆ ನಿಲ್ಲುತ್ತಿದ್ದಾನೆ. ತನ್ನ ಟೈ ಸರ್ಕಾರಿ ಸೇವೆಯಲ್ಲಿದೆ ಎಂದು ಅವನು ಹೇಳಿದರೆ ಅಲ್ಲಿ ಯಾರೂ ನಂಬುತ್ತಿಲ್ಲವಂತೆ.

ಟಪಾಲಕ್ಕನ ಗಂಡ ನಮ್ಮನೆ ಟೈ ಈಗ ಹಿರಿಯ ಅಧಿಕಾರಿ ಎಂದು ಬೀದಿಯವರಿಗೆಲ್ಲ ಹೇಳಿ ಬೀಗಿದರಂತೆ. ನೆರೆಯವರು ಬಂದು ಕೈ ಕುಲುಕಿ ಹೋದರಂತೆ. ಅತ್ತೆ ಮಾತ್ರ ಮರುದಿನ ಬೆಳಿಗ್ಗೆ ಎಂದಿನ ಹೊತ್ತಿಗೆ ಕೈ ಒರೆಸಿಕೊಂಡು ಬಂದು ಕನ್ನಡಿಯ ಹತ್ತಿರ ನಿಂತರಂತೆ. ಏನೂ ಕೆಲಸವಿಲ್ಲವೆಂದು ನೆನಪಾಗಿ, ಸೊಸೆಯ ಕಾಲರನ್ನು ಸುಮ್ಮನೆ ಒಮ್ಮೆ ಸರಿ ಮಾಡಿ ಒಳಗೆ ಹೋದರಂತೆ.

ಈಗ ಎಲ್ಲವೂ ಸುವ್ಯವಸ್ಥಿತವಾಗಿದೆ. ಬಾತುಕೋಳಿ ಟೈ ಉಳಿದ ಟೈಗಳಂತೆಯೇ ಬೇಡ ಎನ್ನುವುದಿಲ್ಲ, ಸರಿ ಎನ್ನುವುದಿಲ್ಲ. ರಾಶಿ ಸೊಂಟದ ಮಟ್ಟಕ್ಕೆ ಬಂದು ಹಿಂದಿನ ಕಿಟಕಿಯ ಅರ್ಧವನ್ನು ಮುಚ್ಚಿದೆ. ದೊಡ್ಡ ಸಾಹೇಬರಿಗೆ ರಾತ್ರಿ ಮತ್ತೆ ನಿದ್ದೆ ಬರುತ್ತಿದೆ. ಜನರೂ ದೂರುತ್ತಿಲ್ಲ. ಮಾತಾಡುವ ಟೈ ಈಗ ಮಾತಾಡುತ್ತಿಲ್ಲವೆಂದರೆ ಬಡ್ತಿಯ ನಂತರ ಯಾರು ತಾನೇ ಮಾತಾಡುತ್ತಾರೆ ಎಂದು ಅವರೇ ಒಬ್ಬರಿಗೊಬ್ಬರು ಸಮಾಧಾನ ಹೇಳಿಕೊಳ್ಳುತ್ತಾರೆ.

ಮೊನ್ನೆ ಬೇಕರಿಯವನು ಬಂದಿದ್ದ. ಒಲೆ ಕೋಣೆಗೆ ಗಾಳಿ ಬಂದ ಮೇಲೆ ಹೆಂಡತಿ ಗೆಲುವಾಗಿದ್ದಾಳಂತೆ. ಈಗ ವಯಸ್ಸಾದ ತಾಯಿ ಮಲಗುವ ಕೋಣೆಗೂ ಒಂದು ಕಿಟಕಿ ಬೇಕು. ಕಂಕುಳಲ್ಲಿ ಕಾಗದ ಸುತ್ತಿದ ಬಿಸಿ ಬ್ರೆಡ್ ಇತ್ತು. ಅವನನ್ನು ಕಂಡು ಟಪಾಲಕ್ಕನ ಮುಖ ಅರಳಿತು. ಅವರು ಎದ್ದು ಬಂದು, ಕೈ ಚಾಚಿ, "ಕೊಡಿ, ಓದ್ತೀನಿ," ಎಂದರು. ಹೆಂಡತಿ ಹೇಗಿದ್ದಾಳೆ ಎಂದೂ ಕೇಳಿದರು.

ಬೇಕರಿಯವನು ಅವರ ಮುಖ ನೋಡಿದ. ಎಲ್ಲೋ ನೋಡಿದ ಹಾಗಿದೆಯಲ್ಲ ಎಂಬಂತೆ ಒಂದು ಗಳಿಗೆ ನೋಡಿದ. ಆಮೇಲೆ ಟೋಪಿ ತೆಗೆದ.

"ಸ್ವಲ್ಪ ಪಕ್ಕಕ್ಕೆ ಸರ್ಕೊಳ್ಳಿಯಮ್ಮ," ಎಂದ ಮೆಲ್ಲಗೆ. "ಸಾಹೇಬರ ಹತ್ರಾನೇ ಮಾತಾಡ್ತೀನಿ. ಹೋದ ಸಲ ನನ್ನ ಕೆಲಸ ಮಾಡಿಕೊಟ್ಟಿದ್ದು ಇವರೇ. ನನ್ನ ಹೆಂಡ್ತೀನ ವಿಚಾರಿಸ್ಕೊಂಡಿದ್ರು, ತುಂಬಾ ಒಳ್ಳೆಯವರು."

ಟಪಾಲಕ್ಕ ಅವನ ಬೆನ್ನನ್ನು ನೋಡುತ್ತ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ನಾನು ಬರೆಯುವುದನ್ನು ನಿಲ್ಲಿಸಿದ್ದೆ. ಅವರು ಇನ್ನೇನು ಹೇಳಿಬಿಡುತ್ತಾರೆ, ಎಲ್ಲವನ್ನೂ ಹೇಳಿಬಿಡುತ್ತಾರೆ ಎಂದು ನನಗೆ ಅನ್ನಿಸಿತ್ತು, ಹೇಳಲಿ ಎಂದು ಆಸೆಯೂ ಆಗಿತ್ತು. ಬೇಕರಿಯವನು ಬ್ರೆಡ್ಡನ್ನು ಬಾತುಕೋಳಿ ಟೈಯ ಮುಂದೆ ಇಟ್ಟು, ಅರ್ಜಿಯನ್ನು ಅದರ ಪಕ್ಕದಲ್ಲಿ ಇಟ್ಟು, ತಲೆಬಾಗಿ ನಿಂತ. ಸ್ವಲ್ಪ ಹೊತ್ತಾದ ಮೇಲೆ ಅವನು, ಏನಂದ್ರು ಎಂದು ಕೇಳುವವನಂತೆ ಟಪಾಲಕ್ಕನ ಕಡೆ ತಿರುಗಿದ.

ಟಪಾಲಕ್ಕ ಕುರ್ಚಿಯ ಹತ್ತಿರ ಹೋಗಿ, ಓರೆಯಾಗಿದ್ದ ಟೈಯನ್ನು ನೇರ ಮಾಡಿದರು.

"ಸಾಹೇಬರು ಪರಿಶೀಲಿಸ್ತಿದ್ದಾರೆ," ಎಂದರು. "ಮುಂದಿನ ವಾರ ಬನ್ನಿ."